ನೀಲವ್ವನ ರೊಟ್ಟಿ ಗಾಡಿ ನೆಟ್ಟಗಾದದ್ದು

ನಿಂತವರು ಕೂತುಕೊಳ್ಳಿ, ಕೂತವರು ಕಾಲು ಮಡಚಿ ಜಾಗ ಕೊಡಿ. ಕತೆ ಸಣ್ಣದು, ಪೆದ್ದತನ ದೊಡ್ಡದು.

ಒಂದು ಊರು. ಆ ಊರಿನ ಮೇಲಿನ ಓಣಿಯಲ್ಲಿ ನೀಲವ್ವ ಅಂತ ಒಬ್ಬಾಕೆ. ಜೋಳದ ರೊಟ್ಟಿ ಬಡಿದು ಬದುಕುವವಳು. ಆಕೆಗೆ ಒಬ್ಬನೇ ಮಗ, ಗುರುಪಾದ. ಒಬ್ಬನೇ ಆದದ್ದು ಊರಿನ ಪುಣ್ಯ.

ಗುರುಪಾದನಿಗೆ ತಲೆ ಇರಲಿಲ್ಲ ಅಂತ ತಿಳಿಯಬೇಡಿ. ಇತ್ತು. ಹೊಸ ಟೈರಿನ ಹಾಗೆ ಇತ್ತು, ಎಲ್ಲೂ ಒಂದಿಷ್ಟೂ ಸವೆದಿರಲಿಲ್ಲ. ಯಾಕೆಂದರೆ ಅದನ್ನು ಅವನು ಒಂದು ದಿನವೂ ಬಳಸಿರಲಿಲ್ಲ. ಏನು ಹೇಳಿದರೆ ಅದನ್ನೇ ಮಾಡುತ್ತಿದ್ದ. ಹೇಳಿದ್ದಕ್ಕಿಂತ ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆಯಿಲ್ಲ. ಹಾಗಾದರೆ ಅವನಿಗೆ ಗಾಡಿ ಓಡಿಸುವ ಲೈಸೆನ್ಸ್ ಹೇಗೆ ಸಿಕ್ಕಿತು ಅಂತ ನೀವು ಕೇಳಬಹುದು. ಹೇಳಿಬಿಡುತ್ತೇನೆ. ಪರೀಕ್ಷೆಯ ದಿನ ಸಾಹೇಬರು "ಎಂಟರ ಆಕಾರದಲ್ಲಿ ಓಡಿಸು" ಅಂದರು. ಓಡಿಸಿದ. ನಿಲ್ಲಿಸು ಅನ್ನುವುದನ್ನು ಮರೆತು ಅವರು ಚಹಾಕ್ಕೆ ಹೋದರು. ತಿರುಗಿ ಬರುವ ಹೊತ್ತಿಗೆ ಇವನು ಇಪ್ಪತ್ತೇಳು ಎಂಟು ಮುಗಿಸಿ ಇಪ್ಪತ್ತೆಂಟನೆಯದರಲ್ಲಿದ್ದ. ಅಂಥವನಿಗೆ ಕೊಡದೆ ಇನ್ನಾರಿಗೆ ಕೊಡುತ್ತಾರೆ?

ನೀಲವ್ವನ ಗಂಡ ತೀರಿಹೋಗುವಾಗ ಬಿಟ್ಟದ್ದು ಎರಡೇ. ಒಂದು ಹಳೆಯ ವ್ಯಾನು, ಇನ್ನೊಂದು ಈ ಮಗ. ವ್ಯಾನಿಗಾದರೂ ಮೂರು ಗೇರು ಬೀಳುತ್ತಿದ್ದವು.

ಆ ವ್ಯಾನಿನದೊಂದು ಸಂಗತಿ ಈಗಲೇ ಹೇಳಬೇಕು, ಆಮೇಲೆ ಬೇಕಾಗುತ್ತದೆ. ಅದರ ಹ್ಯಾಂಡ್‌ಬ್ರೇಕು ಎರಡೇ ನಿಮಿಷ ಹಿಡಿಯುತ್ತಿತ್ತು. ಆಮೇಲೆ ದಣಿದವರ ಹಾಗೆ ತಾನೇ ಬಿಟ್ಟುಬಿಡುತ್ತಿತ್ತು. ನೀಲವ್ವನ ಓಣಿ ಇಳಿಜಾರು. ಅದಕ್ಕೆ ಗಾಡಿ ನಿಲ್ಲಿಸಿದ ಕೂಡಲೇ ಇಳಿದು ಚಕ್ರಕ್ಕೆ ಒಂದು ಕಲ್ಲು ಕೊಡುವುದು ರೂಢಿ. ಕಲ್ಲು ಮನೆಯ ಕಟ್ಟೆಯ ಮೇಲೆಯೇ ಇರುತ್ತಿತ್ತು. ಓಣಿಯ ತುದಿಯಲ್ಲಿ ಗೌಡರ ತಿಪ್ಪೆಗುಂಡಿ. ಇಷ್ಟು ನೆನಪಿರಲಿ.

ಐದು ಮೈಲಿಯಾಚೆ ಒಂದು ಹಾಸ್ಟೆಲು. ಇನ್ನೂರು ಹುಡುಗರು, ದಿನಕ್ಕೆ ನಾನೂರು ರೊಟ್ಟಿ. ನೀಲವ್ವನ ಒಲೆ ಉರಿಯುತ್ತಿದ್ದದ್ದು ಆ ನಾನೂರು ರೊಟ್ಟಿಯ ಮೇಲೆ. ಅದು ತಪ್ಪಿದರೆ ಒಲೆಯೂ ಇಲ್ಲ, ಊಟವೂ ಇಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಬಡಿಯಲು ಕೂತರೆ ಆಕೆಯ ಕೈ ಬಿಡುವಾಗುವುದು ಹತ್ತಕ್ಕೆ. ಗಾಡಿ ಓಡಿಸಲು ಆಕೆಗೆ ಬಾರದು. ಹಾಗಾಗಿ ಮಗನನ್ನೇ ಕಳಿಸಬೇಕು. ಬೇರೆ ದಾರಿ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೊದಲ ದಿನ ನೀಲವ್ವ ಬಾಗಿಲಲ್ಲಿ ನಿಂತು ಹೇಳಿದಳು: "ಲೇ ಗುರುಪಾದಾ, ಲಾರಿ ಓಡ್ಯಾಡೋ ರಸ್ತಿ. ಎಡಗಡೇನ ಹೋಗು. ಏನ ಬರಲಿ, ಎಡ ಬಿಡಬ್ಯಾಡ!"

"ಆತಬೇ ಯವ್ವಾ!"

ಹೋದ. ಎಡಗಡೆಯಲ್ಲೇ ಹೋದ. ಎಡಗಡೆಯಲ್ಲಿ ಒಂದು ಕುಣಿ ಬಂತು. ಎಮ್ಮೆ ಮಲಗಿದರೆ ಬೆನ್ನು ಕಾಣದಷ್ಟು ಆಳದ ಕುಣಿ. ಹೊಲದಲ್ಲಿದ್ದವರು ಕೈ ಬೀಸಿ ಕೂಗಿದರು, "ಲೇ, ಬಲಕ್ಕ! ಬಲಕ್ಕ!" ಇವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಮ್ಮವ್ವ ಬ್ಯಾಡಂದಾಳ!" ಅಂದ. ಧಡ್! ಮುಂದಿನ ಎಡಚಕ್ರ ಕುಣಿಯೊಳಗೆ. ಕಡಕ್ ರೊಟ್ಟಿ ಪುಡಿಪುಡಿ. ಜನ ಎತ್ತಿ ಹೊರಗೆ ಇಟ್ಟರು. ಅಲ್ಲಿಂದ ಗಾಡಿ ಎಡಕ್ಕೆ ಎಳೆಯತೊಡಗಿತು. ಗಾಡಿ ಎಡಕ್ಕೆ, ಗುರುಪಾದನೂ ಎಡಕ್ಕೆ. ಒಂದು ಮೈಲಿ ಹೋಗುವಷ್ಟರಲ್ಲಿ ಇಬ್ಬರೂ ಶೇಂಗಾ ಹೊಲದಲ್ಲಿದ್ದರು.

ಹಾಸ್ಟೆಲು ಮುಟ್ಟಿದಾಗ ಹುಡುಗರು ಅನ್ನ ಉಂಡು ಕೈ ತೊಳೆದಿದ್ದರು.

"ಖೋಡಿ! ಹುಟ್ಟಾ ಖೋಡಿ!" ನೀಲವ್ವ ಹಣೆ ಬಡಿದುಕೊಂಡಳು. "ಕುಣಿ ಕಾಣಲಿಲ್ಲೇನೋ?"

"ಕಂಡಿತ್ತಬೇ. ಭಾಳ ಛಂದ ಕಂಡಿತ್ತು."

"ಮತ್ತ?"

"ಎಡ ಬಿಡಬ್ಯಾಡ ಅಂದಿದ್ದಿ."

"ಅಯ್ಯ ನನ್ನ ಹಣೇಬರಹವ! ಗಾಡಿ ಎಡಕ್ಕ ಎಳದ್ರ ನೀ ಸ್ಟೇರಿಂಗ್ ಬಲಕ್ಕ ಎಳದ ಹಿಡೀಬೇಕು! ಗಟ್ಟಿ ಹಿಡೀಬೇಕು! ತಿಳೀತಿಲ್ಲೋ?"

"ತಿಳೀತಬೇ. ಬಲಕ್ಕ ಎಳದ ಗಟ್ಟಿ ಹಿಡೀಬೇಕು."

ತಿಳಿಯಿತಂತೆ! ಮುಂದೆ ಇಪ್ಪತ್ತು ದಿನ ಹಾಗೇ ಹಿಡಿದ. ಹಿಡಿದೂ ಹಿಡಿದೂ ಅವನ ಬಲತೋಳು ಬಾತಿತು. ಗಾಡಿ ಎಡಕ್ಕೆ ಜಗ್ಗುತ್ತದೆ, ಇವನು ಬಲಕ್ಕೆ ಜಗ್ಗುತ್ತಾನೆ, ಇಬ್ಬರ ಜಗ್ಗಾಟದಲ್ಲಿ ವೇಗ ಎಲ್ಲಿಂದ ಬರಬೇಕು? ಇನ್ನೂ ಎರಡು ಸಲ ತಡವಾಯಿತು. ಹಾಸ್ಟೆಲಿನ ವಾರ್ಡನ್ ಮಾಸ್ತರರು ಮೂಗಿನ ಮೇಲೆ ಕನ್ನಡಕ ಇಳಿಸಿ ಹೇಳಿ ಕಳಿಸಿದರು: "ನಿಮ್ಮವ್ವಗ ಹೇಳು. ಇನ್ನೊಂದ ಸಲ ಊಟದ ಗಂಟಿ ಹೊಡದ ಮ್ಯಾಲ ರೊಟ್ಟಿ ಬಂದ್ರ, ಮರುದಿನದಿಂದ ಕೆಳಗಿನ ಓಣಿ ಕಾಶವ್ವನ ರೊಟ್ಟಿ."

ಕಾಶವ್ವನ ಹೆಸರು ಕೇಳಿದ್ದೇ ತಡ, ನೀಲವ್ವ ಎದ್ದು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. ಎಡಗಡೆಯ ಮುಂದಿನ ಟೈರಿನ ಮುಂದೆ ಕೂತಳು. ಹೆಬ್ಬೆರಳಿನಿಂದ ಸವರಿದಳು. ಹೊರಗಿನ ಅಂಚು ದಪ್ಪ, ಒಳಗಿನ ಅಂಚು ಸವೆದು ದಾರ ಹೊರಗೆ ಬಂದಿದೆ!

"ಒಂದ ಕಡೆ ಕೈ ಭಾರ ಬಿಟ್ಟು ಬಡದ ರೊಟ್ಟಿ ಇದ್ದಂಗ ಐತಲ್ಲೋ ಇದು!" ಅಂದಳು. ಟೈರಿನ ವಿದ್ಯೆ ಆಕೆಗೆ ಗೊತ್ತಿರಲಿಲ್ಲ, ರೊಟ್ಟಿಯ ವಿದ್ಯೆ ಗೊತ್ತಿತ್ತು. ಅಂಗೈ ಒಂದೇ ಕಡೆ ಒತ್ತಿದರೆ ಆ ಕಡೆ ತೆಳ್ಳಗಾಗಿ ಹರಿಯುತ್ತದೆ, ಈ ಕಡೆ ದಪ್ಪಗಾಗಿ ಹಸಿ ಉಳಿಯುತ್ತದೆ. ಅದಕ್ಕೇ ಬಡಿಯುತ್ತಾ ಬಡಿಯುತ್ತಾ ತಿರುಗಿಸುತ್ತಿರಬೇಕು. "ಹೋಗು, ಮೌಲಾಸಾಬಣ್ಣನ ಹತ್ರ ಹೋಗಿ ಗಾಡಿ ತೋರಿಸು!"

ಮೌಲಾಸಾಬ ಅಂದರೆ ಹಾಸ್ಟೆಲಿನ ದಾರಿಯಲ್ಲಿ ಟೈರು ಮತ್ತು ಅಲೈನ್‌ಮೆಂಟಿನ ಅಂಗಡಿ ಇಟ್ಟವನು. ಅಂಗಡಿಯ ಮುಂದೆ ಹಳೆಯ ಟೈರುಗಳನ್ನು ಆಳೆತ್ತರ ಪೇರಿಸಿಟ್ಟಿದ್ದ. ಅವನು ಗಾಡಿಯನ್ನು ಕಬ್ಬಿಣದ ಹಲಗೆಗಳ ಮೇಲೆ ಹತ್ತಿಸಿ, ಚಕ್ರಗಳಿಗೆ ಓರೆ ಅಳೆಯುವ ಯಂತ್ರದ ಕಣ್ಣು ಕಟ್ಟಿ, ನೋಡಿ, ನಕ್ಕ.

"ಲೇ ತಮ್ಮಾ, ನಿನ್ನ ಗಾಡಿದು ಒಂದ ಚಕ್ರ ರಸ್ತಿ ನೋಡತೈತಿ, ಒಂದ ಚಕ್ರ ಹೊಲ ನೋಡತೈತಿ!"

ಅಲೈನ್‌ಮೆಂಟು ಅಂದರೆ ಇಷ್ಟೇ. ಮುಂದಿನ ಎರಡೂ ಚಕ್ರಗಳು ಜೋಡಿ ಎತ್ತಿನ ಹಾಗೆ ಸಮನಾಗಿ, ನೇರವಾಗಿ ನಿಂತಿರಬೇಕು. ಕುಣಿಗೆ ಬಿದ್ದರೆ ಚಕ್ರವನ್ನು ಹಿಡಿದ ಸರಳು ಒಂದಿಷ್ಟು ಬಾಗುತ್ತದೆ. ಕಣ್ಣಿಗೆ ಕಾಣದಷ್ಟು. ಆಗ ಚಕ್ರ ತುಸು ಓರೆಯಾಗುತ್ತದೆ. ಓರೆಯಾದ ಚಕ್ರ ನೆಟ್ಟಗೆ ಉರುಳುವುದಿಲ್ಲ, ರಸ್ತೆಯನ್ನು ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಉಜ್ಜಿದ ಅಂಚು ಸವೆಯುತ್ತದೆ, ಗಾಡಿ ಒಂದು ಕಡೆ ಎಳೆಯುತ್ತದೆ, ಎಣ್ಣೆಯೂ ಹೆಚ್ಚು ಕುಡಿಯುತ್ತದೆ. ನೀವು ಸ್ಟೇರಿಂಗ್ ಎಷ್ಟೇ ಎಳೆದು ಹಿಡಿದರೂ ಅದು ಸರಿಹೋಗುವುದಿಲ್ಲ, ತೋಳು ನೋಯುತ್ತದೆ ಅಷ್ಟೇ. ಇದನ್ನೆಲ್ಲ ಮೌಲಾಸಾಬ ಗುರುಪಾದನಿಗೆ ಹೇಳಿದ. ಗುರುಪಾದ ಪ್ರತಿ ಮಾತಿಗೂ ಹೂಂ ಅಂದ. ಗೋಡೆ ಹೂಂ ಅನ್ನುವುದಿಲ್ಲ, ಅದೊಂದೇ ವ್ಯತ್ಯಾಸ.

ಮೌಲಾಸಾಬ ಸರಳು ಬದಲಿಸಿದ, ಮುಂದಿನ ಎರಡಕ್ಕೂ ಹೊಸ ಟೈರು ಹಾಕಿದ, ಗಾಳಿ ಸಮ ಮಾಡಿದ, ಅಳತೆ ಕೂಡಿಸಿದ. "ಹೋಗಪಾ. ಇನ್ನ ಸೂಜಿ ಹಂಗ ನೆಟ್ಟಗ ಹೋಗತೈತಿ."

ಗುರುಪಾದ ಹತ್ತಿ ಕೂತ. ಅವ್ವ ಏನಂದಿದ್ದಳು? ಬಲಕ್ಕೆ ಎಳೆದು ಗಟ್ಟಿಯಾಗಿ ಹಿಡಿಯಬೇಕು! ಹಿಡಿದ. ಗಾಡಿ ಅಂಗಡಿಯ ಬಾಗಿಲಿನಿಂದ ಹೊರಟು, ಬಲಕ್ಕೆ ತಿರುಗಿ, ತಿರುಗಿ, ನೇರವಾಗಿ ಹೋಗಿ ಹಳೆಯ ಟೈರಿನ ಪೇರಿಗೆ ಗುದ್ದಿತು. ನಲವತ್ತು ಟೈರು ರಸ್ತೆಯ ಮೇಲೆ ಉರುಳಿ ನಾಲ್ಕು ದಿಕ್ಕಿಗೆ ಓಡಿದವು. ಒಂದು ಟೈರು ಬಸ್ಸಿನ ಹಿಂದೆಯೇ ಹೋಯಿತು, ಮತ್ತೆ ಬರಲಿಲ್ಲ.

"ಲೇ ಮಂಗ್ಯಾ! ಈಗಷ್ಟ ಸರಿ ಮಾಡೀನಲ್ಲೋ! ಯಾಕ ಜಗ್ಗಿದಿ?"

"ಗಟ್ಟಿ ಹಿಡಿ ಅಂದಾಳ ನಮ್ಮವ್ವ."

"ಅದು ಸೊಟ್ಟ ಇದ್ದಾಗಪಾ! ನೋಡಿಲ್ಲಿ." ಮೌಲಾಸಾಬ ಗಾಡಿಯನ್ನು ಮತ್ತೆ ಹಲಗೆ ಹತ್ತಿಸಿ, ಮತ್ತೆ ಅಳತೆ ಕೂಡಿಸಿ, ತಾನೇ ಹತ್ತಿ, ಖಾಲಿ ರಸ್ತೆಯಲ್ಲಿ ಸ್ಟೇರಿಂಗಿನಿಂದ ಎರಡೂ ಕೈ ತೆಗೆದು ತೋರಿಸಿದ. ಗಾಡಿ ಗೆರೆ ಹೊಡೆದಂತೆ ನೇರ ಹೋಯಿತು. "ಕಂಡ್ಯಾ? ಸರಿ ಮಾಡಿ ಇಟ್ಟದ್ದಕ್ಕ ಸುಮ್ಮಸುಮ್ಮನ ಕೈ ಹಚ್ಚಬಾರದು! ಊರ ತನಕ ನಾನ ಬಿಟ್ಟು ಬರ್ತೀನಿ, ನಡಿ."

"ಆತ ಕಾಕಾ. ಸರಿ ಮಾಡಿ ಇಟ್ಟದ್ದಕ್ಕ ಕೈ ಹಚ್ಚಬಾರದು."

ಮರುದಿನ ಭಾನುವಾರ. ಭಾನುವಾರ ಹಾಸ್ಟೆಲಿನಲ್ಲಿ ಅನ್ನ ಸಾರು, ರೊಟ್ಟಿ ಬೇಡ. ಆದರೆ ಪಕ್ಕದ ಹಳ್ಳಿಯಲ್ಲಿ ಒಬ್ಬ ಬಸುರಿಯ ಕುಬುಸದ ಊಟ, ಅಲ್ಲಿಗೆ ಮೂರು ಬುಟ್ಟಿ ರೊಟ್ಟಿ. ನೀಲವ್ವ ತಾನೇ ಬುಟ್ಟಿಗಳನ್ನು ಹಿಂದೆ ಇಟ್ಟು, ಹಗ್ಗ ಬಿಗಿದು, "ಎಲ್ಲಾ ಸರಿ ಮಾಡಿ ಇಟ್ಟೀನಿ, ಹೋಗಿ ಬಾ" ಅಂದಳು. ಬಾಯಿ ತಪ್ಪಿ ಅಂದಳು!

ದಾರಿಯಲ್ಲಿ ಹಂಪು ಬಂತು. ಒಂದು ಬುಟ್ಟಿಯ ಅಡಿಯ ಅಂಚು ಒಂದು ಕಡೆ ಸವೆದು ಕುಳಿತಿತ್ತು. ಅದು ವಾಲಿತು, ಹಗ್ಗ ಸಡಿಲಾಯಿತು. ವಾಲಿ ಇನ್ನೊಂದನ್ನು ದೂಡಿತು. ಹಿಂದಿನ ಬಾಗಿಲು ತೆರೆಯಿತು. ಗುರುಪಾದ ಕನ್ನಡಿಯಲ್ಲಿ ನೋಡಿದ. ಒಂದು ಬುಟ್ಟಿ ಬಿತ್ತು. ನೋಡಿದ. ಎರಡನೆಯದು ಬಿತ್ತು. ನೋಡಿದ. ಮೂರನೆಯದು ಬಿದ್ದಾಗ ಒಂದು ನಿಟ್ಟುಸಿರು ಬಿಟ್ಟ. ಆದರೆ ಕೈ ಹಚ್ಚಲಿಲ್ಲ.

ಬಸುರಿಯ ಮನೆಯವರು ಖಾಲಿ ಗಾಡಿ ಕಂಡು, ದಾರಿಯಲ್ಲಿ ಬಿದ್ದಿದ್ದ ಬುಟ್ಟಿಗಳನ್ನು ಹೊತ್ತು ನೀಲವ್ವನ ಮನೆಯ ತನಕ ಬಂದು ಬೈದರು. ಅವರು ಹೋದ ಮೇಲೆ ನೀಲವ್ವ ಬೈದಳು.

"ಬೀಳೂದ ನೋಡಿಕೋಂತ ಹ್ವಾದ್ಯೇನೋ, ಎಮ್ಮೀ?"

"ನೀನ ಸರಿ ಮಾಡಿ ಇಟ್ಟಿದ್ದಿ. ಸರಿ ಮಾಡಿ ಇಟ್ಟದ್ದಕ್ಕ ಕೈ ಹಚ್ಚಬಾರದು, ಮೌಲಾ ಕಾಕಾ ಹೇಳ್ಯಾನ."

"ಕಾಕಾ ಹೇಳ್ಯಾನ! ಕಾಕಾ ಬಾವಿಗೆ ಬೀಳು ಅಂದ್ರ?"

"ಇನ್ನೂ ಅಂದಿಲ್ಲಬೇ."

ನೀಲವ್ವನಿಗೆ ಅಳಬೇಕೋ ಬಡಿಯಬೇಕೋ ತಿಳಿಯಲಿಲ್ಲ. ಆ ಸವೆದ ಬುಟ್ಟಿಯನ್ನು ಅವನ ಮೂಗಿನ ಮುಂದೆ ಹಿಡಿದು ಕಿರುಚಿದಳು: "ನೋಡಿಲ್ಲಿ, ಅಂಚು ಒಂದ ಕಡೆ ಸವದೈತಿ! ಟೈರು ಸವದದ್ದ ನೋಡಿದಿ, ಬುಟ್ಟಿ ಸವದದ್ದ ನೋಡಿದಿ, ಬುದ್ಧಿ ಬರಲಿಲ್ಲ! ಇನ್ನ ಮ್ಯಾಲ ಏನ ಇರಲಿ, ಹೊರಡೂ ಮುಂಚೆ ಹೆಬ್ಬೆರಳಿಲೆ ಸುತ್ತ ಸವರಿ ನೋಡು. ಒಂದ ಕಡೆ ತೆಳ್ಳಗ, ಒಂದ ಕಡೆ ದಪ್ಪ ಇದ್ದದ್ದು ಒಂದೂ ನನ್ನ ಗಾಡ್ಯಾಗ ಹೋಗಬಾರದು! ಅಂಥಾದ್ದನ್ನ ಸರಿ ಮಾಡೋರ ಹತ್ರ ಬಿಟ್ಟು ಹೋಗು! ಮತ್ತ ನಾಳೆ ಹಾಸ್ಟೆಲಿಗೆ ತಡಾ ಆದ್ರ ನಿನ್ನ ಕಾಲ ಮುರೀತೀನಿ!"

"ಆತಬೇ ಯವ್ವಾ! ಸವರಿ ನೋಡ್ತೀನಿ. ತಡಾ ಮಾಡಂಗಿಲ್ಲ."

ಸೋಮವಾರ. ನೀಲವ್ವ ಎಂದೂ ಇಲ್ಲದಂತೆ ನಡುರಾತ್ರಿಯ ಮಬ್ಬಿಗೇ ಎದ್ದು, ಬೆಳಗಿನ ಎಂಟಕ್ಕೆ ನಾನೂರು ರೊಟ್ಟಿ ಬಡಿದು ಮುಗಿಸಿದಳು. ಹೊಸ ಬುಟ್ಟಿಗೆ ತುಂಬಿದಳು. ಮರುದಿನದ ಜೋಳ ಬೀಸಿಸಬೇಕಿತ್ತು, ಗಿರಣಿಗೆ ಹೋದಳು. ಹೋಗುವಾಗ ಮಗ ಕಟ್ಟೆಯ ಮೇಲೆ ಕೂತು ಒಂದೊಂದೇ ರೊಟ್ಟಿ ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಸವರುವುದನ್ನು ಕಂಡಳು. ಕಂಡು, ಮಗನಿಗೆ ಕೆಲಸದ ಮೇಲೆ ಕಾಳಜಿ ಬಂತಲ್ಲ ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ತಾಯಿ ಅಲ್ಲವೇ, ಪಾಪ! ತಾಯಂದಿರ ಕಣ್ಣಿಗೂ ಒಂದು ಅಲೈನ್‌ಮೆಂಟು ಬೇಕು.

ಮಧ್ಯಾಹ್ನ ಹನ್ನೆರಡೂ ಕಾಲು. ನೀಲವ್ವ ಗಿರಣಿಯಿಂದ ಬಂದು ಹಿಟ್ಟಿನ ಚೀಲ ಇಳಿಸಿದ್ದಳು. ಗಾಡಿಯ ಸದ್ದು ಕೇಳಿತು. ಗುರುಪಾದ ಗಾಡಿಯ ಮೂತಿಯನ್ನು ಇಳಿಜಾರಿನ ಕಡೆ ತಿರುಗಿಸಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಹಲ್ಲು ಕಿರಿಯುತ್ತಾ ಇಳಿದ. ಕಟ್ಟೆಯ ಮೇಲಿನ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಹೊತ್ತಿಗೆ ಮುಟ್ಟಿದ್ಯೇನೋ?"

"ಗಂಟಿಗೆ ಒಂದ ತಾಸು ಮೊದಲ ಮುಟ್ಟೀನಿ!"

"ಗಾಡಿ ಎಳೀಲಿಲ್ಲ?"

"ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಸೂಜಿ ಹಂಗ!"

"ನನ್ನ ಬಂಗಾರವ! ಮಾಸ್ತರ ಏನಂದ್ರು? ರೊಟ್ಟಿ ಚಲೋ ಅದಾವ ಅಂದ್ರ?"

"ಅವರು ರೊಟ್ಟಿ ನೋಡಿಲ್ಲಬೇ."

"ಯಾಕ ನೋಡಿಲ್ಲ?"

"ಒಯ್ದಿಲ್ಲಲ್ಲ. ಎಲ್ಲಾ ಸವರಿ ನೋಡಿದೆ. ನಾನೂರರಾಗ ಒಂದೂ ಸಮ ಇಲ್ಲಬೇ! ಇಲ್ಲಿ ದಪ್ಪ, ಅಲ್ಲಿ ತೆಳ್ಳಗ. ಅಂಥಾದ್ದು ಗಾಡ್ಯಾಗ ಹೋಗಬಾರದು ಅಂದಿದ್ದಿ. ಸರಿ ಮಾಡೋರ ಹತ್ರ ಬಿಟ್ಟು ಹೋಗು ಅಂದಿದ್ದಿ. ಮೌಲಾ ಕಾಕಾನ ಹತ್ರ ಬಿಟ್ಟೀನಿ, ಅಲೈನ್‌ಮೆಂಟಿಗೆ."

"ಮೌಲಾಸಾಬ... ಇಸಗೊಂಡನೇನೋ?"

"ಲಾರಿ ಬುಡಕ ಮಲಗಿದ್ದ, ಕಾಲಷ್ಟ ಕಾಣತಿದ್ದು. ಕಾಕಾ, ಸಮ ಇಲ್ಲ, ಸರಿ ಮಾಡು ಅಂದೆ. ಹಳೇ ಟೈರಿನ ಮ್ಯಾಲ ಇಟ್ಟು ಹೋಗು, ಸಂಜಿಗೆ ನೋಡ್ತೀನಿ ಅಂದ."

ಇನ್ನೂ ಕೇಳಿ, ಗುರುಪಾದ ಮುಂದೆ ಹೇಳಿದ್ದು ಇದು. ವಾರ್ಡನ್ ಮಾಸ್ತರರು ಖಾಲಿ ಗಾಡಿಯೊಳಗೆ ಬಗ್ಗಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಬಗ್ಗಿ ನೋಡಿ, ಒಂದೇ ಮಾತು ಅಂದಿದ್ದರು: "ಒಂದಕ್ಕ ಊಟದ ಗಂಟಿ. ಅಷ್ಟರಾಗ ರೊಟ್ಟಿ ಬಂದ್ರ ನಿಮ್ಮವ್ವ, ಇಲ್ಲಂದ್ರ ಕಾಶವ್ವ."

ಒಂದಕ್ಕೆ ಇನ್ನೂ ಮುಕ್ಕಾಲು ತಾಸಿತ್ತು. ಮೌಲಾಸಾಬನ ಅಂಗಡಿ ದಾರಿಯಲ್ಲೇ. ರೊಟ್ಟಿ ಎತ್ತಿ ಹಾಕಿಕೊಂಡು ಹೋದರೆ ಹತ್ತು ನಿಮಿಷ ಮುಂಚೆಯೇ ಮುಟ್ಟಬಹುದು. ನೀಲವ್ವನಿಗೆ ಜೀವ ಬಂತು. ಈ ಸಲ ತಾನೇ ಪಕ್ಕದಲ್ಲಿ ಕೂತು ಹೋಗುವುದು! ಬೈಯಲೂ ಪುರುಸೊತ್ತಿಲ್ಲ. ಚಪ್ಪಲಿ ಮೆಟ್ಟಲು ಒಳಗೆ ಓಡಿದಳು.

ಗುರುಪಾದ ಕಲ್ಲು ಹಿಡಿದು ಬಾಗಿಲ ತನಕ ಬಂದ. "ಯವ್ವಾ, ನಾ ಏನ ಮಾಡ್ಲಿ?"

"ಏನೂ ಮಾಡಬ್ಯಾಡ!" ಒಳಗಿನಿಂದ ನೀಲವ್ವ ಕಿರುಚಿದಳು. "ನಾ ಹೇಳೂತನಕ ಏನಂದ್ರ ಏನೂ ಮಾಡಬ್ಯಾಡ! ನಿಂತಲ್ಲೇ ನಿಂದ್ರು!"

"ಆತಬೇ."

ನಿಂತ. ಅಷ್ಟರಲ್ಲಿ ಬ್ರೇಕು ಎಳೆದು ಎರಡು ನಿಮಿಷ ಆಗಿತ್ತು. ಹ್ಯಾಂಡ್‌ಬ್ರೇಕು ದಣಿಯಿತು. ಗಾಡಿ ಮೆಲ್ಲಗೆ ಮುಂದೆ ಸರಿಯಿತು.

ಒಂದು ಮಾತು ಹೇಳಲೇಬೇಕು. ಕುಣಿಗೆ ಬಿದ್ದ ಮೇಲಿನ ಆ ಇಪ್ಪತ್ತು ದಿನಗಳಲ್ಲಿ ಒಮ್ಮೆ ಕಲ್ಲು ಕೊಡುವುದು ಮರೆತು ಗಾಡಿ ಹೀಗೇ ಉರುಳಿತ್ತು. ಆಗ ಅದು ಎಡಕ್ಕೆ ಎಳೆದು, ನಾಲ್ಕು ಮಾರು ಹೋಗುವಷ್ಟರಲ್ಲಿ ಕಟ್ಟೆಗೆ ಒರಗಿ ನಿಂತುಬಿಟ್ಟಿತ್ತು. ಸೊಟ್ಟ ಚಕ್ರ ಅವತ್ತು ಗಾಡಿ ಉಳಿಸಿತ್ತು. ಈಗ ಅದು ಸರಿಯಾದ ಗಾಡಿ. ಎರಡೂ ಚಕ್ರ ಸಮ, ಹೊಸ ಟೈರು, ಸಮ ಗಾಳಿ. ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ಓಣಿಯ ಉದ್ದಕ್ಕೂ ಗೆರೆ ಹೊಡೆದಂತೆ, ಕೋಳಿಗಳ ನಡುವೆ, ಒಣಗಿಸಿದ ಮೆಣಸಿನಕಾಯಿಯ ಪಕ್ಕದಿಂದ, ಒಂದು ಕಾಯಿಯನ್ನೂ ತುಳಿಯದೆ ಇಳಿಯಿತು. ನೀಲವ್ವ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಹೊರಗೆ ಬರುವುದಕ್ಕೂ, ಗಾಡಿ ಗೌಡರ ತಿಪ್ಪೆಗುಂಡಿಯ ನಟ್ಟನಡುವೆ ಕಿಟಕಿ ಮುಳುಗುವ ತನಕ ಇಳಿಯುವುದಕ್ಕೂ ಸರಿಹೋಯಿತು.

ಕೆಳಗಿನ ಓಣಿಯಲ್ಲಿ ಕಾಶವ್ವ ರೊಟ್ಟಿ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಪಟ್, ಪಟ್, ಪಟ್.

"ನೋಡಿದ್ಯೇನಬೇ!" ಗುರುಪಾದ ಹಿಗ್ಗಿ ಹೀರೇಕಾಯಿಯಾಗಿ ಕೂಗಿದ. "ಒಂದ ಗೇಣು ಆಚೀಚಿ ಆಗಲಿಲ್ಲ! ಏನ ಕೈ ಅಂತೀ ಮೌಲಾ ಕಾಕಾಂದು!" ಆಮೇಲೆ ಕೈಯಲ್ಲಿದ್ದ ಕಲ್ಲು ನೋಡಿ ಕೇಳಿದ, "ಯವ್ವಾ, ಈ ಕಲ್ಲು ಈಗ ಇಡ್ಲೋ, ಹಿಡಕೊಂಡ ಇರ್ಲೋ?"

ನೀಲವ್ವ ಮೆಟ್ಟಿದ ಒಂದು ಚಪ್ಪಲಿಯನ್ನೂ ಕಳಚಿಟ್ಟು ಒಳಗೆ ಹೋದಳು. ಇಷ್ಟು ದಿನ ಹೇಳಿದ್ದೇ ಸಾಕಾಗಿತ್ತು.

ಆ ಹಾಸ್ಟೆಲಿನ ಹುಡುಗರು ಇವತ್ತಿಗೂ ಕಾಶವ್ವನ ರೊಟ್ಟಿ ತಿನ್ನುತ್ತಾರೆ. ಗುರುಪಾದ ಇವತ್ತಿಗೂ ಆ ಕಟ್ಟೆಯ ಮುಂದೆ ಕಲ್ಲು ಹಿಡಿದು ನಿಂತಿದ್ದಾನೆ. ಇಳಿಸು ಅಂತ ಯಾರೂ ಹೇಳಿಲ್ಲ.